ಪರಿಸರ ಪುಸ್ತಕಗಳ ಯಾದಿ

ಮೇ ತಿಂಗಳ ಮೂರನೆಯ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಪುಣೆಯ ಬಿಬವೇವಾಡಿಯ ಕನ್ನಡ ಬಳಗದ ಕಾರ್ಯಕಾರಿ ಸಮಿತಿ ಭೂಮಿಯನ್ನು ಉಳಿಸಲು ಒಮ್ಮತದಿಂದ ತೀರ್ಮಾನಿಸಿತು. ಚಹಾ ಬರುವ ಮೊದಲೇ ತೀರ್ಮಾನ ಆಗಿಹೋಗಿತ್ತು. ಚಹಾ ಬಂದ ಮೇಲೆ ಉಳಿದದ್ದು, ಹೇಗೆ ಉಳಿಸುವುದು ಎಂಬ ಸಣ್ಣ ಮಾತು.

ಅಧ್ಯಕ್ಷ ಈರಬಸಪ್ಪನವರು ಬಳಸಿ ಬಿಸಾಡುವ ತಾಟು, ಲೋಟ, ಚಮಚಗಳ ಸಗಟು ವ್ಯಾಪಾರಿ. ಮೂಲ ಬಾಗಲಕೋಟೆ ಕಡೆಯವರು. ಮಾರ್ಕೆಟ್ ಯಾರ್ಡಿನ ಪಕ್ಕ ಎರಡು ಗೋದಾಮು. ಪುಣೆಯ ಆ ಭಾಗದಲ್ಲಿ ಯಾರ ಮದುವೆಯಾಗಲಿ, ಯಾರ ತೊಟ್ಟಿಲಾಗಲಿ, ಯಾರ ತಿಥಿಯಾಗಲಿ, ಅವರ ಮಾಲಿಲ್ಲದೆ ಪಂಕ್ತಿ ಏಳುತ್ತಿರಲಿಲ್ಲ. ಭೂಮಿತಾಯಿಯ ಮೇಲೆ ಅವರಿಗಿದ್ದ ಮಮತೆಯನ್ನು ಯಾರೂ ಶಂಕಿಸುವಂತಿರಲಿಲ್ಲ. ಅವರ ಮಾಲೆಲ್ಲ ಕೊನೆಗೆ ಸೇರುತ್ತಿದ್ದುದು ಆಕೆಯ ಮಡಿಲನ್ನೇ.

“ಈ ಸಲ ಜೂನ್ ಐದರ ಪರಿಸರ ದಿನಕ್ಕ ಸಸಿ ಹಚ್ಚೂದು ಬ್ಯಾಡ್ರಿ,” ಎಂದರು ಅವರು. “ಹ್ವಾದ ವರ್ಷ ಹಚ್ಚಿದ್ದು ಎಲ್ಲಿ ಅದ ಅಂತ ಯಾರರೆ ಕೇಳಿದ್ರ ಏನ್ ತೋರಸೂದು?”

“ಅಲ್ಲೇ ಅದಲ್ರಿ, ನಿಮ್ಮ ಕಾರಿನ ಹಿಂದಿನ ಗಾಲಿ ಕೆಳಗ,” ಎಂದರು ಕಾರ್ಯದರ್ಶಿ ಶಿವಪ್ರಕಾಶ.

ಶಿವಪ್ರಕಾಶರು ವಿಮಾ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಅರ್ಜಿ, ಠರಾವು, ಆಮಂತ್ರಣ, ಶೋಕಸಂದೇಶ, ಯಾವುದನ್ನೂ ಅವರು ಬೇರೆಯವರ ಕೈಗೆ ಕೊಟ್ಟವರಲ್ಲ. ಕನ್ನಡದಲ್ಲಿ ಬರೆದದ್ದನ್ನು ತಾವೇ ಮರಾಠಿಗೆ ಇಳಿಸುತ್ತಿದ್ದರು. ‘ನನ್ನ ಮರಾಠಿ ಹಳೆಯ ಪುಣೆಯ ಪೇಠೆಯವರದ್ದಕ್ಕಿಂತ ಶುದ್ಧ’ ಎಂದು ಹೇಳಿಕೊಳ್ಳುತ್ತಿದ್ದರು. ಪೇಠೆಯವರು ಅದನ್ನು ಕೇಳಿಸಿಕೊಂಡಿರಲಿಲ್ಲ.

ಆಗ ಸಿಂಧೂರ ಮಾತೆತ್ತಿದಳು. ಮಂಡ್ಯದ ಕಡೆಯ ಹುಡುಗಿ, ಐಟಿ ಕಂಪನಿಯಲ್ಲಿ ಕೆಲಸ, ಯುಗಾದಿಯ ಒಬ್ಬಟ್ಟಿನ ಊಟಕ್ಕೆಂದು ಬಳಗಕ್ಕೆ ಬಂದವಳನ್ನು ಊಟ ಮುಗಿಯುವುದರೊಳಗೆ ಸಮಿತಿಗೆ ಸೇರಿಸಿಕೊಂಡಿದ್ದರು. “ಸರ್, ಒಂದು ರೆಕಮೆಂಡೆಡ್ ಬುಕ್ ಲಿಸ್ಟ್ ಮಾಡೋಣ. ಎನ್ವಿರಾನ್‌ಮೆಂಟ್, ಗ್ರೀನ್ ಲಿವಿಂಗ್, ಆ ಥರ. ಎಲ್ಲಾ ಏಜ್ ಗ್ರೂಪ್‌ಗೂ. ನಮ್ಮ ಆಫೀಸಲ್ಲಿ ಲಾಸ್ಟ್ ಇಯರ್ ಮಾಡಿದ್ವಿ, ಸಖತ್ ರೆಸ್ಪಾನ್ಸ್.”

“ಓದಿದ್ರೇನವಾ ಮಂದಿ?” ಎಂದು ಮೂಲೆಯ ಕುರ್ಚಿಯಿಂದ ಗೌರಾಬಾಯಿ ಕೇಳಿದರು.

“ಲೈಕ್ ಮಾಡಿದ್ರು ಆಂಟಿ.”

ಸಲಹೆ ಎಲ್ಲರಿಗೂ ಹಿಡಿಸಿತು. ಯಾದಿಗೆ ನೀರು ಹಾಕಬೇಕಾಗಿಲ್ಲ, ಅದರ ಮೇಲೆ ಕಾರು ಹರಿಯುವುದಿಲ್ಲ. ಸಿಂಧೂರ ವಯಸ್ಸುಗಳನ್ನು ಹೇಳಿದಳು: ಸೊನ್ನೆಯಿಂದ ಐದು, ಆರರಿಂದ ಹನ್ನೆರಡು, ಹದಿಹರೆಯದವರು, ದೊಡ್ಡವರು, ಹಿರಿಯ ನಾಗರಿಕರು.

“ಸೊನ್ನಿ ವರ್ಷದ ಕೂಸು ಏನ್ ಓದ್ತದವಾ?” ಎಂದರು ಈರಬಸಪ್ಪ.

“ಅವಕ್ಕೆ ಬಟ್ಟೆ ಪುಸ್ತಕ ಇರತ್ತೆ ಸರ್. ಕಚ್ಚಬಹುದು.”

“ಛಲೋ ಆತು. ಅದೊಂದ ನೋಡ ಪೂರಾ ಉಪಯೋಗ ಆಗೂ ಪುಸ್ತಕ.”

ಶಿವಪ್ರಕಾಶರು ಗಂಟಲು ಸರಿಮಾಡಿಕೊಂಡರು. ಅವರು ಸ್ವಂತ ಅಚ್ಚು ಹಾಕಿಸಿದ ಕವನಸಂಗ್ರಹ ‘ವೃಕ್ಷಕ್ಕೊಂದು ವಿನಂತಿ ಅರ್ಜಿ’ ಐದೂ ವಯಸ್ಸಿಗೆ ಹೊಂದುತ್ತದೆ ಎಂದು ಅವರ ನಮ್ರ ಅಭಿಪ್ರಾಯ. ಅದರ ಪ್ರತಿಗಳು ಎಂಟು ವರ್ಷದಿಂದ ಅವರ ಮಂಚದ ಕೆಳಗೆ ತಂಪಾಗಿದ್ದವು. ಈರಬಸಪ್ಪನವರು ತಮ್ಮ ಅಂಗಡಿಯ ಹೊಸ ಹಸಿರು ತಾಟಿನ ಮಾಹಿತಿಪುಸ್ತಿಕೆಯನ್ನು ‘ದೊಡ್ಡವರು’ ಕಲಮಿನಲ್ಲಿ ಸೇರಿಸಲು ಸೂಚಿಸಿದರು. ತಾಟು ಹಸಿರು ಬಣ್ಣದ್ದು, ಉಳಿದಂತೆ ಮೊದಲಿನದೇ.

“ಆದ್ರ ಇವನ್ನೆಲ್ಲಾ ಇಡೂದೆಲ್ಲಿ?” ಎಂದರು ಯಾರೋ. “ಗ್ರೀನ್ ಕಾರ್ನರ್ ಬೇಕಲ್ಲ,” ಎಂದಳು ಸಿಂಧೂರ. ಎಲ್ಲರ ಕಣ್ಣೂ ಸಭಾಗೃಹದ ಎಡಗಡೆಯ ಬಾಗಿಲಿಗೆ ಹೋದವು. ಗೌರಾಬಾಯಿಯ ಕಣ್ಣು ಮಾತ್ರ ತಮ್ಮ ಮಡಿಲಲ್ಲಿದ್ದ ಬೀಗದ ಕೈಗೆ ಹೋಯಿತು.

ಆ ಬಾಗಿಲಿನ ಹಿಂದೆ ಬಳಗದ ವಾಚನಾಲಯ. ಮೂರು ಕಬ್ಬಿಣದ ಕಪಾಟು, ಒಂದು ಕಿಟಕಿ, ಆರು ನೂರ ಹನ್ನೊಂದು ಪುಸ್ತಕ. ರಾಂಜಣಗಾಂವದ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಗಂಡ ತೀರಿಕೊಂಡ ವರ್ಷ ಗೌರಾಬಾಯಿ ಅಲ್ಲಿ ಬಂದು ಕೂತವರು. ಈಗ ಹತ್ತೊಂಬತ್ತು ವರ್ಷ. ಗುರುವಾರ ಮತ್ತು ಭಾನುವಾರ, ನಾಲ್ಕರಿಂದ ಆರು. ಯಾರೂ ನೇಮಿಸಿರಲಿಲ್ಲ, ಹಾಗಾಗಿ ತೆಗೆದುಹಾಕುವ ನೆನಪೂ ಯಾರಿಗೂ ಆಗಿರಲಿಲ್ಲ. ಪುಸ್ತಕ ಹರಿದರೆ ಗಂಜಿ ಹಚ್ಚಿ ಅಂಟಿಸುತ್ತಿದ್ದರು. ಪಕ್ಕದ ಗಲ್ಲಿಯ ಸಕ್ಕುಬಾಯಿಗೆ ಕಣ್ಣು ಮಂಜಾದ ಮೇಲೆ ಪ್ರತಿ ಗುರುವಾರ ಒಂದು ಅಧ್ಯಾಯ ಓದಿ ಹೇಳುತ್ತಿದ್ದರು. ಅದನ್ನು ಕೇಳಲು ಇನ್ನೂ ನಾಲ್ಕು ಜನ ಸೊಪ್ಪು ಸೋಸುತ್ತ ಬಂದು ಕೂಡುವುದು ರೂಢಿಯಾಗಿತ್ತು.

“ಹಳೇ ಪುಸ್ತಕ ರದ್ದಿಗೆ ಕೊಟ್ಟು ಖೋಲಿ ಖಾಲಿ ಮಾಡೂಣು,” ಎಂದರು ಈರಬಸಪ್ಪ. “ನಮ್ಮ ಗೋದಾಮಿನ್ಯಾಗ ಪ್ಲಾಸ್ಟಿಕ್ ಹುಲ್ಲಿನ ಚಾಪಿ ಅದ. ನೀರು ಬ್ಯಾಡ, ಬಿಸಲು ಬ್ಯಾಡ, ಹತ್ತು ವರ್ಷ ಹಚ್ಚಗ ಇರ್ತದ.”

“ಯಾದಿಯೊಳಗಿನ ಪುಸ್ತಕ?” ಎಂದರು ಗೌರಾಬಾಯಿ.

“ಅವೆಲ್ಲಾ ಡಿಜಿಟಲ್ ಆಂಟಿ. ಗೋಡೆ ಮೇಲೆ ಕ್ಯೂಆರ್ ಕೋಡ್ ಹಾಕ್ತೀವಿ, ಸ್ಕ್ಯಾನ್ ಮಾಡಿದ್ರೆ ಲಿಸ್ಟ್ ಬರತ್ತೆ. ಬೇಜಾರ್ ಮಾಡ್ಕೋಬೇಡಿ. ಪೇಪರ್ ಅಂದ್ರೆ ಮರ ತಾನೇ? ಮರ ಕಡಿದು ಮಾಡಿರೋದನ್ನ ಇಟ್ಕೊಂಡು ಮರ ಉಳ್ಸಿ ಅಂದ್ರೆ ಮೆಸೇಜ್ ಕ್ಲಿಯರ್ ಆಗಲ್ಲ.”

“ಕಡದದ್ದು ಯಾವ ಕಾಲಕ್ಕೋ ಕಡದಾರವಾ. ಒಂದೊಂದನ್ನ ಎಪ್ಪತ್ತೆಪ್ಪತ್ತು ಮಂದಿ ಓದ್ಯಾರ. ಈಗ ರದ್ದಿಗೆ ಹಾಕಿದ್ರ ಆ ಗಿಡ ಮತ್ತ ಎದ್ದು ನಿಂದರತದೇನು?”

ಎಲ್ಲರೂ ನಕ್ಕರು. ನಗುವುದೆಂದರೆ ಒಪ್ಪಿದಂತೆ ಎಂದು ಗೌರಾಬಾಯಿ ಅಂದುಕೊಳ್ಳುವಷ್ಟರಲ್ಲಿ ಶಿವಪ್ರಕಾಶರು ಠರಾವು ಬರೆದು ಮುಗಿಸಿದ್ದರು: ‘ಹಳೆಯ ಕಾಗದದ ಪುಸ್ತಕಗಳನ್ನು ಜೂನ್ ಐದರೊಳಗಾಗಿ ಪರಿಸರಸ್ನೇಹಿ ರೀತಿಯಲ್ಲಿ ವಿಲೇವಾರಿ ಮಾಡತಕ್ಕದ್ದು. ಸದರಿ ಕೆಲಸಕ್ಕೆ ಶ್ರೀಮತಿ ಗೌರಾಬಾಯಿಯವರು ಸಹಕರಿಸತಕ್ಕದ್ದು.’

“ನನ್ನ ಪುಸ್ತಕಾನ ನಾನ ಕಟ್ಟಿ ಕೊಡೂದೇನ್ರಿ?”

“ನಿಮ್ಮವಲ್ಲಲ್ರಿ ಅಕ್ಕಾರ, ಬಳಗದ್ದು,” ಎಂದರು ಈರಬಸಪ್ಪ ಮೃದುವಾಗಿ. “ನಿಮಗ ಹುಲ್ಲಿನ ಮ್ಯಾಲ ಒಂದು ಕುರ್ಚಿ ಇರ್ತದ. ಯಾರರೆ ಬಂದ್ರ ಫೋನ್ ಹಿಡೀಲಿಕ್ಕೆ ಹೇಳ್ರಿ, ಆತು.”

ಗೌರಾಬಾಯಿ ಪುಸ್ತಕ ಕಟ್ಟತೊಡಗಿದರು. ಕಟ್ಟುವ ಮೊದಲು ಒಂದೊಂದನ್ನೂ ತೆರೆದು ಹಿಂದಿನ ಹಾಳೆಯ ತಾರೀಖುಗಳನ್ನು ನೋಡಿದರು. ಮಕ್ಕಳಿಗೆ ನಾಮಕರಣದ ದಿನ ಕಿವಿಯಲ್ಲಿ ಹೆಸರು ಹೇಳುವಂತೆ ಪ್ರತಿ ಪುಸ್ತಕದ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ಚೀಲಕ್ಕೆ ಇಳಿಸಿದರು. ನಡುವೆ ಸಿಂಧೂರ ಕೇಳಿದ್ದಕ್ಕೆ ತಾವೂ ಒಂದು ಯಾದಿ ಬರೆದುಕೊಟ್ಟರು. ಎಳೆಯರಿಗೆ, ಗುಬ್ಬಿ ಗೂಡು ಕಟ್ಟುವ ಕತೆ; ಕೊನೆಯ ಹಾಳೆ ಕಳೆದಿರುವುದರಿಂದ ಪ್ರತಿ ಮಗುವೂ ಗೂಡನ್ನು ತಾನೇ ಮುಗಿಸಬೇಕು. ಕಾಲೇಜಿನವರಿಗೆ, ಹಳೆಯ ಸೀರೆಯಿಂದ ಕೌದಿ ಹೊಲಿಯುವುದನ್ನು ಕಲಿಸುವ ಪುಸ್ತಕ. ಸಂಸಾರಸ್ಥರಿಗೆ, ಹೀರೇಕಾಯಿ ಸಿಪ್ಪೆ, ಕುಂಬಳದ ತಿರುಳು, ಮಿಕ್ಕ ರೊಟ್ಟಿ, ಯಾವುದನ್ನೂ ಚೆಲ್ಲಗೊಡದ ಒಂದು ಅಡುಗೆ ಪುಸ್ತಕ. ಹಿರಿಯರಿಗೆ, ಒಂದು ಹಳೆಯ ಷಟ್ಪದಿ ಪುರಾಣ. ಅದರಲ್ಲಿ ದೇವರು ಬರುವ ಮೊದಲು ಹನ್ನೆರಡು ಪದ್ಯ ಬರೀ ಅಡವಿ. ಕವಿ ಒಂದು ಗಿಡದ ಹೆಸರನ್ನೂ ಅವಸರದಿಂದ ಹೇಳಿಲ್ಲ.

ಸಿಂಧೂರ ಅದನ್ನು ಎರಡು ಸಲ ಓದಿದಳು. “ಇದು ಎನ್ವಿರಾನ್‌ಮೆಂಟಾ ಆಂಟಿ?”

“ಅಲ್ಲೇನವಾ?”

ಸಿಂಧೂರ ಲ್ಯಾಪ್‌ಟಾಪ್ ತೆರೆದು ನೋಡಿದಳು. ಅವಳ ಕಂಪ್ಯೂಟರಿನ ಕೋಷ್ಟಕದಲ್ಲಿ ‘ಪ್ರಕಾಶನ ವರ್ಷ’ ಎಂಬ ಕಾಲಮ್ ಇತ್ತು. ಈ ಪುಸ್ತಕಗಳಲ್ಲಿ ಆ ಹಾಳೆಯೇ ಹರಿದುಹೋಗಿತ್ತು. “ಫಿಟ್ ಆಗ್ತಿಲ್ಲ ಆಂಟಿ,” ಎಂದು ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು.

ಆ ಗುರುವಾರ ಶಿವಪ್ರಕಾಶರು ಮರಾಠಿ ಆಮಂತ್ರಣದ ಕರಡು ಹಿಡಿದು ವಾಚನಾಲಯಕ್ಕೆ ಬಂದರು. ಇದು ಅವರಿಬ್ಬರ ನಡುವಿನ ಹಳೆಯ ಪದ್ಧತಿ. ಏನು ಬರೆದರೂ ಅಂಚೆಗೆ ಹಾಕುವ ಮೊದಲು ಅವರು ಗೌರಾಬಾಯಿಯ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಗೌರಾಬಾಯಿ ಓದಿದ್ದು ಏಳನೆಯ ಇಯತ್ತೆಯವರೆಗೆ. ಆದರೆ ಹುಟ್ಟೂರು ಇಂಡಿ ತಾಲೂಕಿನ ಒಂದು ಹಳ್ಳಿ. ಶ್ರಾವಣ ಪೂರ್ತಿ ಮಠದಲ್ಲಿ ಪುರಾಣ. ಹಾಡುವ ಶಾಸ್ತ್ರಿಗಳು ಎಲ್ಲಿಯಾದರೂ ಒಂದು ಪದ ತಪ್ಪಿದರೆ ಕೇಳಲು ಕೂತ ಗೌರಾಬಾಯಿಯ ಅಪ್ಪ ಕೂತಲ್ಲಿಂದಲೇ, ಯಾರಿಗೂ ಅವಮಾನವಾಗದಂತೆ, ಸರಿಯಾದ ಪದವನ್ನು ಮೆಲ್ಲಗೆ ನುಡಿಯುತ್ತಿದ್ದರು. ಶಾಸ್ತ್ರಿಗಳು ಅದನ್ನು ಎತ್ತಿಕೊಂಡು ಮುಂದೆ ಹೋಗುತ್ತಿದ್ದರು. ಕೇಳುವವರ ಕೆಲಸ ಅದೇ ಎಂದು ಗೌರಾಬಾಯಿ ತಿಳಿದಿದ್ದರು. ಹತ್ತೊಂಬತ್ತು ವರ್ಷದಲ್ಲಿ ಶಿವಪ್ರಕಾಶರಿಗೆ ಅವರು ಎಷ್ಟೋ ಪದ ಹಾಗೆ ಎತ್ತಿಕೊಟ್ಟಿದ್ದರು.

“ಅಕ್ಕಾರ, ಒಂದೀಟು ಕೇಳ್ರಿ. ಕಿವೀಗೆ ಎಲ್ಲರೆ ಕಡದ್ರ ಹೇಳ್ರಿ,” ಎಂದು ಅವರು ಕನ್ನಡಕ ಏರಿಸಿ ಓದಿದರು: “ಸರ್ವ ವಯೋಗಟಾಂಸಾಠೀ ಪರಿಸರ ಪುಸ್ತಕ ಯಾದೀ, ಪ್ರಕಾಶನ ಸಮಾರಂಭ.”

ಗೌರಾಬಾಯಿಯ ಕಿವಿಗೆ ಕಡಿಯಿತು.

ಕನ್ನಡದಲ್ಲಿ ಪರಿಸರ ಎಂದರೆ ಬೆಟ್ಟ, ಕಾಡು, ನದಿ, ಗಾಳಿ, ಮೋಡ, ಹುಲಿ ಎಲ್ಲ ಬರುತ್ತದೆ. ಮರಾಠಿಯಲ್ಲಿ ಅಷ್ಟಕ್ಕೆಲ್ಲ ಬೇರೆ ಪದ, ಪರ್ಯಾವರಣ. ಮರಾಠಿಯವರ ಪರಿಸರ ಎಂದರೆ ನಮ್ಮ ಓಣಿ. ಈ ಗೇಟಿನಿಂದ ಆ ಹಾಲಿನ ಅಂಗಡಿಯವರೆಗೆ. ದಿನಾ ಬೆಳಿಗ್ಗೆ ಕಸದ ಗಾಡಿ ‘ಆಪಲಾ ಪರಿಸರ ಸ್ವಚ್ಛ ಠೇವಾ’, ನಿಮ್ಮ ಪರಿಸರ ಸ್ವಚ್ಛವಾಗಿಡಿ, ಎಂದು ಹಾಡುತ್ತ ಬಂದಾಗ ಯಾರೂ ಸಹ್ಯಾದ್ರಿಯನ್ನು ಹೊರಗೆ ತಂದಿಡುವುದಿಲ್ಲ, ಕಸದ ಬಕೆಟ್ಟು ತಂದಿಡುತ್ತಾರೆ. ಶಿವಪ್ರಕಾಶರು ಬರೆದದ್ದರ ಅರ್ಥ ‘ಎಲ್ಲ ವಯಸ್ಸಿನವರಿಗಾಗಿ ನಮ್ಮ ಓಣಿಯ ಪುಸ್ತಕಗಳ ಪಟ್ಟಿ’ ಎಂದಾಗಿತ್ತು.

ಪದ ಗೌರಾಬಾಯಿಯ ನಾಲಿಗೆಯ ತುದಿಗೆ ಬಂತು. ಎದುರಿಗೆ ಕಟ್ಟಿದ ಹನ್ನೊಂದು ಚೀಲಗಳಿದ್ದವು.

“ಇದು ಯಾರಿಗೆ ಹೋಗ್ತದರಿ?” ಎಂದರು.

“ನೀತಾತಾಯಿಗೆ. ಬ್ಯಾನರಿನ ಮ್ಯಾಲೂ ಇದ ಬರ್ತದ.”

ನೀತಾತಾಯಿ ಆ ಭಾಗದ ಪುಢಾರಿ; ತಾಯಿ ಎಂದರೆ ಮರಾಠಿಯಲ್ಲಿ ಅಕ್ಕ. ಚುನಾವಣೆ ದೂರವಿದ್ದರೂ ಹತ್ತಿರವಿದ್ದಂತೆ ನಡೆದುಕೊಳ್ಳುವವರು.

“ಪರಿಸರ ಅನ್ನೂದು ಸರಿ ಅದಲ್ರಿ?” ಶಿವಪ್ರಕಾಶರೇ ಕೇಳಿದರು. ಅನುಮಾನದಿಂದಲ್ಲ, ಹೊಗಳಿಕೆಗೆ. “ಸಂಸ್ಕೃತ ಶಬ್ದ ನೋಡ್ರಿ. ಎಲ್ಲಾ ಭಾಷಾದಾಗೂ ಒಂದ.”

“ಕೇಳಾಕ ಛಲೋ ಅದರಿ,” ಎಂದರು ಗೌರಾಬಾಯಿ.

ಅದು ಸುಳ್ಳಲ್ಲ. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅಂಗೈ ಮೇಲಿನ ಲಿಂಗದ ಮೇಲೆ ದೃಷ್ಟಿ ನಿಲ್ಲಲಿಲ್ಲ. ಮಂತ್ರದ ನಡುವೆ ‘ಪರ್ಯಾವರಣ’ ಎಂಬ ಪದ ನುಸುಳಿತು. ತಾನು ಏನು ಬಯಸಿ ಸುಮ್ಮನಿದ್ದೆ ಎಂದು ಅವರಿಗೆ ಸ್ಪಷ್ಟವಿರಲಿಲ್ಲ. ಎಲ್ಲಿಯಾದರೂ ಏನಾದರೂ ಸಿಕ್ಕಿಕೊಂಡು ಚೀಲಗಳು ಒಂದು ದಿನವಾದರೂ ತಡವಾಗಿ ಹೋಗಲಿ, ಅಷ್ಟೇ.

ಮೂರು ದಿನದಲ್ಲಿ ನೀತಾತಾಯಿಯ ಒಪ್ಪಿಗೆ ಬಂತು. ಕನ್ನಡ ಬಳಗದ ಇತಿಹಾಸದಲ್ಲಿ ಅವರು ಒಮ್ಮೆಯೂ ಬಂದವರಲ್ಲ. ಈರಬಸಪ್ಪನವರು ಫೋನು ಕಿವಿಗೆ ಹಿಡಿದುಕೊಂಡೇ ಕುರ್ಚಿಯಿಂದ ಎದ್ದು ನಿಂತಿದ್ದರಂತೆ. “ಎಲ್ಲಾ ಕಡೆ ಅದಽ ಸಸಿ, ಅದಽ ಭಾಷಣ. ನಿಮ್ಮ ಕಲ್ಪನಾ ವೇಗಳೀ ಆಹೆ ಅಂದ್ರು ತಾಯಿ. ಬ್ಯಾರೇನ ಅದ ಅಂತ!” ಎಂದು ಮನೆಮನೆಗೆ ಹೇಳಿದರು. ಶಿವಪ್ರಕಾಶರು ಕರಡಿನ ಒಂದು ಪ್ರತಿಯನ್ನು ಕಟ್ಟು ಹಾಕಿಸುವ ಯೋಚನೆಯಲ್ಲಿದ್ದರು.

ಜೂನ್ ಐದರಂದು ಬೆಳಿಗ್ಗೆ ಸೆಕೆಯೋ ಸೆಕೆ. ಗೇಟಿನ ಮೇಲೆ ಹತ್ತು ಅಡಿಯ ಫ್ಲೆಕ್ಸ್; ಅದರಲ್ಲಿ ಒಂದು ಮರ, ಮರಕ್ಕಿಂತ ದೊಡ್ಡವರಾಗಿ ಈರಬಸಪ್ಪ. ವಾಚನಾಲಯದ ನೆಲದ ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸಿ, ಗಾಳಿಯಾಡಲೆಂದು ಫ್ಯಾನು ಹಚ್ಚಿ, ಹುಲ್ಲು ಅಲುಗಾಡದ್ದಕ್ಕೆ ಯಾರೋ ಬೇಸರಪಟ್ಟರು. ಪ್ರತಿ ಕುರ್ಚಿಯ ಮೇಲೆ ಅಂಗೈಯಷ್ಟು ದೊಡ್ಡ ನೀರಿನ ಬಾಟಲಿ. ಗೋಡೆಯ ಮೇಲೆ ಕಪ್ಪುಬಿಳಿ ಚೌಕ. ಪುಸ್ತಕದ ಹನ್ನೊಂದು ಚೀಲಗಳು ಗೇಟಿನ ಒಳಗೆ, ಹನ್ನೆರಡಕ್ಕೆ ಬರಲಿದ್ದ ರದ್ದಿಯವನಿಗಾಗಿ ಕಾಯುತ್ತಿದ್ದವು.

ಸಕ್ಕುಬಾಯಿ ಗೋಡೆಯ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ಆ ಚೌಕವನ್ನು ನೋಡಿದಳು. “ಗೌರವ್ವಾ, ಹುಳಾ ಹರದಾಡಿದಂಗ ಅದಲ್ಲ, ಅದನ್ನೊಂದೀಟು ಓದಿ ಹೇಳ.”

“ಅದನ್ನ ಫೋನ್ ಓದ್ತದಂತವಾ.”

“ಫೋನಿಗೆ ಗಂಟಲಾ ಛಲೋ ಅದೇನು?”

ಹನ್ನೊಂದೂವರೆಗೆ ನೀತಾತಾಯಿ ಬಂದರು. ಜೊತೆಗೆ ಇಬ್ಬರು ಹಿಂಬಾಲಕರು, ಒಬ್ಬ ಫೋಟೊದವನು. ಬೆಳಿಗ್ಗೆಯಿಂದ ನಾಲ್ಕು ಸಸಿ ಹಚ್ಚಿ ಅವರ ಉಗುರಲ್ಲೆಲ್ಲ ಮಣ್ಣು. ಗೇಟಿನ ಬಳಿ ನಿಂತು ಫ್ಲೆಕ್ಸನ್ನು ಗಟ್ಟಿಯಾಗಿ ಓದಿದರು, “ಪರಿಸರ ಪುಸ್ತಕ! ಅರೇ ವಾ!” ಎಂದರು. ಒಳಗೆ ಬಂದು ಮೈಕು ಹಿಡಿದು ಮರಾಠಿಯಲ್ಲಿ ಶುರುಮಾಡಿದರು. ‘ಇವತ್ತು ಹೋದಲ್ಲೆಲ್ಲ ಪರ್ಯಾವರಣ, ಪರ್ಯಾವರಣ. ಕೇಳಿ ಕೇಳಿ ನನಗೆ ಸಾಕಾಯಿತು. ನೀವು ಕನ್ನಡದ ಮಂದಿ ಮಾತ್ರ ಬೇರೆ ವಿಚಾರ ಮಾಡಿದಿರಿ. ನಮ್ಮ ಓಣಿಯಲ್ಲಿ ಯಾರ ಹತ್ತಿರ ಯಾವ ಪುಸ್ತಕ ಇದೆ, ಯಾರಿಗೆ ಯಾವುದು ಉಪಯೋಗ, ಅದರ ಯಾದಿ! ಒಬ್ಬರ ಪುಸ್ತಕ ಇನ್ನೊಬ್ಬರ ಮನೆಗೆ! ಎಲ್ಲಿವೆ ಆ ಪುಸ್ತಕಗಳು? ನೋಡಬೇಕು ನನಗೆ.’

ಸಭೆ ಒಮ್ಮೆ ಚಪ್ಪಾಳೆ ತಟ್ಟಿತು, ಆಮೇಲೆ ಅರ್ಥ ಮಾಡಿಕೊಂಡಿತು.

“ಏನಂದ್ರು ಅಂಕಲ್?” ಎಂದು ಸಿಂಧೂರ ಶಿವಪ್ರಕಾಶರ ಕಿವಿಯಲ್ಲಿ ಕೇಳಿದಳು. ಶಿವಪ್ರಕಾಶರು ಅನ್ನದಲ್ಲಿ ಕಲ್ಲು ಕಚ್ಚಿದವರಂತೆ ಬಾಯಿ ಅರ್ಧ ತೆರೆದು ನಿಂತಿದ್ದರು. “ಪರಿಸರ,” ಎಂದರು ತಮ್ಮಷ್ಟಕ್ಕೆ. ಮತ್ತೊಮ್ಮೆ, ಬೇರೆ ಕಡೆ ಒತ್ತು ಕೊಟ್ಟು, “ಪರಿಸರಾ.” ಆಮೇಲೆ ಅವರ ಕಣ್ಣು ಗೌರಾಬಾಯಿಯನ್ನು ಹುಡುಕಿತು. ಗೌರಾಬಾಯಿ ನೆಲ ನೋಡುತ್ತಿದ್ದರು.

ಆದರೆ ಈರಬಸಪ್ಪನವರು ವ್ಯಾಪಾರಿ. ಗಿರಾಕಿ ಕೇಳಿದ್ದು ಅಂಗಡಿಯಲ್ಲಿಲ್ಲ ಎಂದು ಅವರ ಬಾಯಿಂದ ಮೂವತ್ತು ವರ್ಷದಲ್ಲಿ ಬಂದಿರಲಿಲ್ಲ. “ಆಹೇತ ತಾಯಿ! ಬಾಹೇರಚ ಆಹೇತ!” ಎಂದರು. ಹೊರಗೇ ಇವೆ ಎಂದು ಗೇಟಿನ ಕಡೆ ಕೈ ತೋರಿದರು.

ನೀತಾತಾಯಿ ಹೊರಗೆ ಹೋಗಿ ಚೀಲಗಳನ್ನು ನೋಡಿದರು. “ಚೀಲದಾಗ ಯಾಕ?” ಎಂದು ಮರಾಠಿಯಲ್ಲಿ ಕೇಳಿದರು.

“ವಾಟಾಯಲಾ,” ಎಂದರು ಈರಬಸಪ್ಪ, ಹಂಚಲಿಕ್ಕೆ ಎಂದು. ಕಣ್ಣು ಕೂಡ ಮಿಟುಕಿಸಲಿಲ್ಲ.

ಚೀಲಗಳು ಬಿಚ್ಚಿಕೊಂಡವು. ತಾಯಿ ಒಂದು ಕೈಯಲ್ಲಿ ಪುರಾಣ, ಇನ್ನೊಂದು ಕೈಯಲ್ಲಿ ಹೀರೇಕಾಯಿ ಸಿಪ್ಪೆಯ ಪುಸ್ತಕ ಹಿಡಿದು ನಿಂತರು. ಫೋಟೊದವನು ಕೂತು, ನಿಂತು, ಕುರ್ಚಿ ಹತ್ತಿ ತೆಗೆದ. ‘ಇನ್ನು ಮೇಲೆ ಈ ಖೋಲಿ ಪರಿಸರ ವಾಚನಾಲಯ. ಪುಸ್ತಕ ಇಲ್ಲೇ ಇರುತ್ತವೆ, ಓಣಿಯವರೆಲ್ಲ ಬರುತ್ತಾರೆ. ಪ್ರತಿ ತಿಂಗಳು ನಾನೇ ಬಂದು ನೋಡುತ್ತೇನೆ,’ ಎಂದು ತಾಯಿ ಘೋಷಿಸಿದರು. ಈರಬಸಪ್ಪನವರು ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದು, ಇದು ಮೊದಲಿನಿಂದಲೂ ತಮ್ಮ ಮನಸ್ಸಿನಲ್ಲಿದ್ದದ್ದೇ ಎಂದು ಪಕ್ಕದವರಿಗೆ ಹೇಳಿದರು.

“ಯಾದೀ ಕೋಣೀ ಕೇಲೀ?” ಎಂದರು ತಾಯಿ. ಯಾದಿ ಮಾಡಿದವರು ಯಾರು?

ಸಿಂಧೂರ ಪರ್ಸಿನಿಂದ ಆ ಚೀಟಿ ತೆಗೆದು ಗೌರಾಬಾಯಿಯ ಕೈಗಿಟ್ಟು ಮುಂದೆ ನೂಕಿದಳು. ಗೌರಾಬಾಯಿ ಮೈಕಿನ ಮುಂದೆ ನಿಂತರು. ಓದಿಬಿಟ್ಟರೆ ಸಾಕಿತ್ತು. ನಾಲ್ಕು ಹೆಸರು, ಒಂದು ನಮಸ್ಕಾರ, ಪುಸ್ತಕಗಳು ಉಳಿದಂತೆ. ಆದರೆ ಎದುರಿಗೆ ಶಿವಪ್ರಕಾಶರು ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನಂತೆ ನಿಂತಿದ್ದರು. ನೂರಾರು ಪತ್ರ ತಂದು ಈ ಕಿವಿಯನ್ನು ನಂಬಿ ಓದಿದ ಮನುಷ್ಯ.

“ತಾಯಿ, ಹೀ ಚೂಕ ಆಹೆ,” ಎಂದರು ಗೌರಾಬಾಯಿ. ಇದು ತಪ್ಪು. ಅವರ ಮರಾಠಿ ಕಾಯಿಪಲ್ಲೆ ಮಾರುಕಟ್ಟೆಯದು; ಸುತ್ತಿ ಬಳಸಿ ಹೇಳಲು ಬರುತ್ತಿರಲಿಲ್ಲ. ಹಾಗಾಗಿ ನೆಟ್ಟಗೆ ಹೇಳಿದರು. ನಮ್ಮ ಭಾಷೆಯಲ್ಲಿ ಪರಿಸರ ಎಂದರೆ ನಿಮ್ಮ ಪರ್ಯಾವರಣ. ಸೆಕ್ರೆಟರಿಯವರು ತಮ್ಮ ಭಾಷೆಯಲ್ಲಿ ತಪ್ಪಿಲ್ಲ. ಅವರು ಓದಿ ತೋರಿಸಿದಾಗ ನನಗೆ ಗೊತ್ತಾಯಿತು, ನಾನು ಹೇಳಲಿಲ್ಲ. ಈ ಪುಸ್ತಕಗಳು ರದ್ದಿಗೆ ಹೋಗುತ್ತಿದ್ದವು. ಅದಕ್ಕೇ ಹೇಳಲಿಲ್ಲ.

“ಅಕ್ಕಾರ!” ಎಂದರು ಈರಬಸಪ್ಪ, ಹಲ್ಲು ಕಚ್ಚಿಕೊಂಡು ನಗುತ್ತ.

ನೀತಾತಾಯಿ ಗೌರಾಬಾಯಿಯನ್ನು ಮೇಲಿಂದ ಕೆಳಗೆ ನೋಡಿದರು. ಬೀಗದ ಕೈ ನೋಡಿದರು. ಆಮೇಲೆ ಫೋಟೊದವನ ಕಡೆ ತಿರುಗಿ, “ಫೋಟೊ ಗೇಲಾ ಕಾ?” ಎಂದರು. ಹೋಯಿತೇನೋ?

“ಗೇಲಾ ತಾಯಿ. ದೋನಶೇ ಲಾಯ್ಕ್ ಪಣ ಆಲೇ.” ಇನ್ನೂರು ಜನ ಆಗಲೇ ಮೆಚ್ಚಿದ್ದರು.

“ಮಗ ಪರಿಸರಚ, ಬಾಯಿ,” ಎಂದು ತಾಯಿ ಗೌರಾಬಾಯಿಯ ಭುಜ ತಟ್ಟಿದರು. ಹಾಗಿದ್ದರೆ ಪರಿಸರವೇ. ಎರಡು ಭಾಷೆಗಳ ನಿಘಂಟು ಅಷ್ಟರಲ್ಲಿ ತೀರ್ಮಾನವಾಯಿತು. ಹದಿನೈದು ದಿನ ಎದೆಯ ಮೇಲೆ ಹೊತ್ತ ಪಾಪವನ್ನು ಇಳಿಸಲು ಗೌರಾಬಾಯಿಗೆ ಒಂದು ನಿಮಿಷ ಹಿಡಿದಿತ್ತು. ಅದನ್ನು ಎತ್ತಿಕೊಳ್ಳಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ತಾಯಿ ಐದನೆಯ ಸಸಿಗೆ ಹೊರಟುಹೋದರು.

ರದ್ದಿಯವನು ಹನ್ನೆರಡಕ್ಕೆ ಸರಿಯಾಗಿ ಬಂದ. “ಈಗ ಹ್ಯಾಂಗ್ ಕೊಡ್ಲೋ? ಫೋಟೊದಾಗ ಬಂದಾವ,” ಎಂದು ಈರಬಸಪ್ಪನವರು ಅವನಿಗೆ ಮರಾಠಿಯಲ್ಲಿ ತಿಳಿಹೇಳಿದರು. ಅವನು ಬರಿಗೈಯಲ್ಲಿ ಹೋಗಲಾರದೆ ಕುರ್ಚಿಗಳ ಕೆಳಗೆ ಬಿದ್ದಿದ್ದ ಖಾಲಿ ಬಾಟಲಿಗಳನ್ನು ಒಂದೊಂದಾಗಿ ಆರಿಸಿ ಚೀಲ ತುಂಬಿಕೊಂಡು ಹೋದ. ಆ ದಿನ ಬಿಬವೇವಾಡಿಯಲ್ಲಿ ಭೂಮಿಗಾಗಿ ಏನಾದರೂ ಮಾಡಿದವನು ಅವನೊಬ್ಬನೇ.

ಚೀಲಗಳನ್ನು ಒಳಗೆ ಹೊರುವ ಹೊತ್ತಿಗೆ ಸಮಿತಿಯ ಬಹುಮಂದಿಗೆ ತುರ್ತು ಕೆಲಸಗಳು ನೆನಪಾದವು. ಸಿಂಧೂರ ನಾಲ್ಕು ಚೀಲ ಎಳೆದು ತಂದು, ಪ್ಲಾಸ್ಟಿಕ್ ಹುಲ್ಲಿನ ಮೇಲೆ ಕಾಲು ಚಾಚಿ ಕೂತು, “ಆಂಟಿ, ಈ ಗುಬ್ಬಿ ಕತೆಗೆ ಕೊನೇ ಪೇಜ್ ನಾನು ಬರೀಲಾ?” ಎಂದು ಕೇಳಿದಳು. “ಬರೀಬ್ಯಾಡ, ಹೇಳ,” ಎಂದರು ಗೌರಾಬಾಯಿ. ಅವಳು ಅರ್ಧ ಹೇಳುವಷ್ಟರಲ್ಲಿ ಆಫೀಸಿನಿಂದ ಕರೆ ಬಂತು. ಮಾತಾಡುತ್ತ ಹೊರಗೆ ಹೋದಳು.

ಉಳಿದವರು ಶಿವಪ್ರಕಾಶ. ಅವರು ಚೀಲ ಬಿಚ್ಚಿ, ನಂಬರು ನೋಡಿ, ಪುಸ್ತಕ ಕೊಡುತ್ತಿದ್ದರು. ಗೌರಾಬಾಯಿ ಕಪಾಟಿನಲ್ಲಿ ಇಡುತ್ತಿದ್ದರು.

“ಅದು ಮ್ಯಾಲಿನ ಖಾನೇದ್ದಲ್ರಿ. ಎರಡನೇದು,” ಎಂದರು ಗೌರಾಬಾಯಿ.

“ಹೂಂ.”

ಇನ್ನೊಂದು ಚೀಲದ ಗಂಟು ಬಿಚ್ಚುತ್ತ ಶಿವಪ್ರಕಾಶರು ಹೇಳಿದರು. “ಆವತ್ತ ಒಂದು ಶಬ್ದ ಹೇಳಿದ್ರ ನನ್ನ ಮರ್ಯಾದಿ ಉಳೀತಿತ್ತು ಅಕ್ಕಾರ.”

“ನಿಮ್ಮ ಮರ್ಯಾದಿ ಉಳಿಸಿದ್ರ ಇವು ಹೋಗ್ತಿದ್ದೂರಿ.”

“ಮೂವತ್ತೆರಡು ವರ್ಷ ಸರ್ವಿಸ್ ಮಾಡೀನಿ. ಒಂದ ಒಂದು ಕಾಗದದಾಗ ತಪ್ಪು ಹಿಡದಿಲ್ಲ ಯಾರೂ.”

“ಇದ್ರಾಗೂ ಯಾರೂ ಹಿಡೀಲಿಲ್ಲಲ್ರಿ. ನಾನ ಹೇಳಿದ್ರೂ ಕೇಳಲಿಲ್ಲ ಯಾರೂ.”

ಶಿವಪ್ರಕಾಶರಿಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಗೌರಾಬಾಯಿ ಕೈಯಲ್ಲಿದ್ದ ಪುಸ್ತಕಗಳನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, “ತಪ್ಪಾತ್ರಿ ನಂದು. ಬೇಕಂತ ಮಾಡೀನಿ. ಮತ್ತ ಹಿಂತಾದ್ದ ವ್ಯಾಳ್ಯಾ ಬಂದ್ರ ಮಾಡೂದಿಲ್ಲ ಅಂತ ಹೇಳಾಕ ಬಾಯಿ ಬರವಲ್ದು. ಅದಕ್ಕ ನೀವು ಇನ್ನ ಮ್ಯಾಲ ಬ್ಯಾರೆ ಯಾರದರೆ ಕಿವಿ ನೋಡ್ಕೋರಿ,” ಎಂದರು.

ಶಿವಪ್ರಕಾಶರು ಉತ್ತರಕ್ಕಾಗಿ ಚೀಲದೊಳಗೆ ಕೈಹಾಕಿದರು. ಬಂದದ್ದು ಆ ಪುರಾಣ. ನಂಬರು ನೋಡಲು ತೆರೆದರು. ನಂಬರು ಸಿಕ್ಕ ಮೇಲೂ ಮುಚ್ಚಲಿಲ್ಲ. ಮೊದಲು ಕಣ್ಣಲ್ಲಿ, ಆಮೇಲೆ ತುಟಿಯಲ್ಲಿ, ಅಡವಿಯ ಮೊದಲ ಪದ್ಯ, ಎರಡನೆಯದು. ಪತ್ರಗಳನ್ನು ಓದುವ ಗತ್ತು ಇರಲಿಲ್ಲ. ತೊದಲುತ್ತ, ಒಂದೊಂದು ಗಿಡದ ಹೆಸರಿನ ಹತ್ತಿರ ನಿಂತು ಹೋಗುತ್ತಿದ್ದರು. ಗೌರಾಬಾಯಿ ಕೈ ಕಟ್ಟಿಕೊಂಡು ಕೇಳಿದರು. ನಾಲ್ಕನೆಯ ಪದ್ಯಕ್ಕೆ ಶಿವಪ್ರಕಾಶರು ತಲೆಯೆತ್ತಿ, “ಇದನ್ನ ಮನೀಗೆ ಒಯ್ಯಾಕ ಬರ್ತದೇನ್ರಿ?” ಎಂದರು.

“ಸದಸ್ಯರಿಗೆ ಅಷ್ಟರಿ.”

“ನಾ ಬಳಗದ ಸೆಕ್ರೆಟರಿ ಇದ್ದೀನಿ!”

“ಬಳಗಕ್ಕ ಇದ್ದೀರಿ. ವಾಚನಾಲಯಕ್ಕ ಇಲ್ರಿ. ಹತ್ತೊಂಬತ್ತು ವರ್ಷದಾಗ ಒಂದೂ ಒಯ್ದಿಲ್ಲ ನೀವು.” ಗೌರಾಬಾಯಿ ಮೇಜಿನ ಖಾನೆಯಿಂದ ಒಂದು ಫಾರ್ಮು ತೆಗೆದು ಮುಂದಿಟ್ಟರು. ಅದನ್ನು ಬಹಳ ಹಿಂದೆ ತಯಾರಿಸಿದವರು ಶಿವಪ್ರಕಾಶರೇ. ಹದಿನಾಲ್ಕು ಕಲಮುಗಳಿದ್ದವು, ಅವು ಯಾಕೆ ಬೇಕೆಂದು ಈಗ ಅವರಿಗೂ ನೆನಪಿರಲಿಲ್ಲ. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಕೂತು ಒಂದೊಂದಾಗಿ ತುಂಬಿದರು. ಕೊನೆಯದಕ್ಕೆ ಬಂದು ಪೆನ್ನು ನಿಂತಿತು.

“‘ಶಿಫಾರಸು ಮಾಡುವ ಸದಸ್ಯರ ಸಹಿ’ ಅಂತ ಅದರಿ,” ಎಂದರು ಸಣ್ಣ ದನಿಯಲ್ಲಿ.

“ಕೊಡ್ರಿ ಇಲ್ಲೆ,” ಎಂದರು ಗೌರಾಬಾಯಿ.